ಕೋಹಿಮಾ: ಆಜ್ಞೆ ಮೀರಿದ ಜನರಲ್

ಕೋಹಿಮಾ ಯುದ್ಧ ಅಂದ ಕೂಡಲೇ ಡೆಪ್ಯೂಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಕತೆ ಬರುತ್ತದೆ. ಕೋರ್ಟಿನ ಒಂದು ಬದಿಗೆ ಬ್ರಿಟಿಷ್-ಭಾರತೀಯ ಪಡೆ, ಇನ್ನೊಂದು ಬದಿಗೆ ಜಪಾನೀಯರು, ನಡುವೆ ಗ್ರೆನೇಡು ಎಸೆಯುವಷ್ಟೇ ದೂರ. ಈ ಕತೆಯನ್ನು ನಾವು ಓದಿರುವುದೆಲ್ಲ ಗೆದ್ದವರ ಬಾಯಲ್ಲಿ. ಆಚೆ ಬದಿಯಲ್ಲಿದ್ದವರು ಯಾರು?

ಅದು ಜಪಾನಿನ 31ನೇ ಡಿವಿಷನ್. 1943ರಲ್ಲಿ ಹುಟ್ಟಿದ ಪಡೆ; 58, 124, 138 ಎಂಬ ಮೂರು ಕಾಲಾಳು ರೆಜಿಮೆಂಟುಗಳು. ಇವುಗಳಲ್ಲಿ 124ನೆಯದು ಗ್ವಾಡಲ್‌ಕನಾಲ್ ದ್ವೀಪದಲ್ಲಿ ಹಸಿವು ಅಂದರೇನು ಎಂದು ಅದಾಗಲೇ ಕಂಡಿತ್ತು. ಡಿವಿಷನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಸಾತೊ ಕೊತೊಕು. ಅವನ ಮೇಲಧಿಕಾರಿ 15ನೇ ಸೈನ್ಯದ ಮುತಗುಚಿ ರೆನ್ಯ. ಇಬ್ಬರಿಗೂ ಹಳೆಯ ವೈಮನಸ್ಯ.

ಮುತಗುಚಿಯ ಲೆಕ್ಕ ಸರಳವಾಗಿತ್ತು. ಪ್ರತಿ ಸೈನಿಕನೂ ಸುಮಾರು ಮೂರು ವಾರದ ಆಹಾರ ಹೊತ್ತು ನಡೆಯಬೇಕು. ಜೊತೆಗೆ ಎತ್ತುಗಳ ಹಿಂಡು: ಹೊರೆ ಹೊರುವುದಕ್ಕೂ ಅವೇ, ಕೊನೆಗೆ ಊಟಕ್ಕೂ ಅವೇ. ಅಷ್ಟರಲ್ಲಿ ಬ್ರಿಟಿಷರ ಉಗ್ರಾಣ ಕೈಗೆ ಸಿಕ್ಕಿರುತ್ತದೆ, ಮುಂದಿನದು ಅಲ್ಲಿಂದ! 1944ರ ಮಾರ್ಚ್ 15ರಂದು ಡಿವಿಷನ್ ಚಿಂದ್ವಿನ್ ನದಿ ದಾಟಿತು. ನದಿಯಲ್ಲಿ, ಬೆಟ್ಟದ ದಾರಿಯಲ್ಲಿ ದನಗಳು ಒಂದೊಂದಾಗಿ ಸತ್ತವು.

ಏಪ್ರಿಲ್ 4ರ ಹೊತ್ತಿಗೆ ಕೋಹಿಮಾಕ್ಕೆ ಮುತ್ತಿಗೆ. ಒಳಗಿದ್ದವರು ಎರಡೂವರೆ ಸಾವಿರದಷ್ಟು ಜನ, ಅದರಲ್ಲಿ ಕಾದಾಡಬಲ್ಲವರು 1,500. ಅವರಿಗೆ ನೀರಿಗೆ ಬರ, ಆದರೆ ಆಕಾಶದಿಂದ ವಿಮಾನಗಳು ಮದ್ದುಗುಂಡು, ಆಹಾರ ಇಳಿಸುತ್ತಿದ್ದವು. ಸಾತೊನ ಕಡೆಯವರಿಗೆ ಆಕಾಶದಿಂದ ಬಿದ್ದದ್ದು ಬಾಂಬು ಮಾತ್ರ. ಏಪ್ರಿಲ್ 18ಕ್ಕೆ ನೆರವಿನ ಪಡೆ ಮುತ್ತಿಗೆಯನ್ನು ಭೇದಿಸಿತು. ಆಮೇಲೂ ಜಪಾನೀಯರು ಒಂದೊಂದು ದಿಬ್ಬವನ್ನೂ ಬಿಡದೆ ವಾರಗಟ್ಟಲೆ ಕಾದಾಡಿದರು. ಮಳೆ ಹಿಡಿಯಿತು. ಅಕ್ಕಿ ಮುಗಿಯಿತು. ನಾಗಾ ಹಳ್ಳಿಗಳ ಕಣಜದಲ್ಲಿ ಸಿಕ್ಕಿದ್ದೂ ಮುಗಿಯಿತು. ಆ ಹಳ್ಳಿಗರ ಹೊಟ್ಟೆಯ ಲೆಕ್ಕವನ್ನು ಯಾವ ಸೈನ್ಯವೂ ಇಡಲಿಲ್ಲ ಅನ್ನಿ.

ಸಾತೊ ಮತ್ತೆ ಮತ್ತೆ ಸಂದೇಶ ಕಳಿಸಿದ. ಆಹಾರ ಬರಲಿಲ್ಲ, ಆಜ್ಞೆ ಬಂತು: ಅಲ್ಲೇ ಇರು. ಮೇ ಕೊನೆಯಲ್ಲಿ ಅವನು ಆ ಆಜ್ಞೆಯನ್ನು ಮೀರಿ ಡಿವಿಷನ್ನನ್ನು ಹಿಂದಕ್ಕೆ ಹೊರಡಿಸಿದ. ಮೇಜರ್ ಜನರಲ್ ಮಿಯಾಜಾಕಿಯ ಸಣ್ಣ ತುಕಡಿ ಮಾತ್ರ ಹಿಂದೆ ನಿಂತು ಇಂಫಾಲದ ರಸ್ತೆಗೆ ತಡೆಯೊಡ್ಡಿತು. ಜೂನ್ 22ರಂದು ಆ ರಸ್ತೆಯೂ ತೆರೆಯಿತು. ಕೋಹಿಮಾ ಕಾಳಗದಲ್ಲಿ ಜಪಾನೀಯರ ಸಾವುನೋವು 5,700ಕ್ಕೂ ಮಿಕ್ಕಿ, ಎದುರು ಪಕ್ಷದ್ದು 4,000ದಷ್ಟು. ಹಿಂದಿರುಗುವ ದಾರಿಯಲ್ಲಿ ಹಸಿವು, ಮಲೇರಿಯಾ, ಆಮಶಂಕೆಗೆ ಬಲಿಯಾದವರು ಇನ್ನೆಷ್ಟೋ ಮಂದಿ.

ಜುಲೈಯಲ್ಲಿ ಸಾತೊನ ಅಧಿಕಾರ ಹೋಯಿತು. ಹೊಟ್ಟೆ ಸೀಳಿಕೊಂಡು ಸಾಯುವುದೇ ಮರ್ಯಾದೆ ಎನ್ನುವ ಸೇನೆಯಲ್ಲಿ ಅವನು, ಸಾಯುವುದಿಲ್ಲ, ನನ್ನನ್ನು ವಿಚಾರಣೆಗೆ ಒಳಪಡಿಸಿ ಎಂದ. ವಿಚಾರಣೆಯಾದರೆ ಅಕ್ಕಿಯ ಲೆಕ್ಕ ಹೊರಬರುತ್ತಿತ್ತು. ಬದಲಿಗೆ ಅವನ ಮನಸ್ಸು ಸ್ವಸ್ಥವಾಗಿಲ್ಲ ಎಂದು ವೈದ್ಯರಿಂದ ಹೇಳಿಸಿ ಕಡತ ಮುಚ್ಚಿದರು.

ಸಾತೊನನ್ನು ಮಹಾಪುರುಷ ಮಾಡಲು ನಾನು ಹೊರಟಿಲ್ಲ. ಅವನೂ ನಮ್ಮ ನೆಲದ ಮೇಲೆ ದಂಡೆತ್ತಿ ಬಂದವನೇ. ಕೋಹಿಮಾ ಬಳಸಿ ದಿಮಾಪುರದ ಉಗ್ರಾಣಕ್ಕೆ ನುಗ್ಗಲಿಲ್ಲ ಎಂದು ಎದುರಾಳಿ ಜನರಲ್ ಸ್ಲಿಮ್ ತನ್ನ ಪುಸ್ತಕದಲ್ಲಿ ಅವನನ್ನು ಹೀಗಳೆದಿದ್ದಾನೆ. ಇರಬಹುದು. ಆದರೆ ಸಾವಿರಾರು ಸೈನಿಕರ ಹೊಟ್ಟೆ ಖಾಲಿ ಎಂದು ಗಟ್ಟಿಯಾಗಿ ಹೇಳಿದವನನ್ನು ಹುಚ್ಚನೆಂದು ಬರೆದುಕೊಂಡ ಸೇನೆಯಲ್ಲಿ ನಿಜವಾಗಿ ಬುದ್ಧಿ ಕೆಟ್ಟಿದ್ದು ಯಾರಿಗೆ?

ಆ ಟೆನಿಸ್ ಕೋರ್ಟು ಇಂದು ಯುದ್ಧ ಸ್ಮಶಾನದ ಭಾಗ. ಗೋರಿಗಳ ನಡುವೆ ಅದರ ಬಿಳಿ ಗೆರೆಗಳನ್ನು ಹಾಗೇ ಉಳಿಸಿದ್ದಾರೆ.