ಸೋತವನ ಸ್ವಭಾವ, ಗೆದ್ದವನ ಸಂದರ್ಭ: ಶೃಂಗೇರಿ ಪತ್ರಗಳ ಹಿನ್ನೆಲೆಯಲ್ಲಿ ಟಿಪ್ಪುವಿನ ವ್ಯಕ್ತಿಚಿತ್ರ

1. ಪ್ರಸ್ತಾವನೆ

ಯುದ್ಧಕಾಲದ ನಾಯಕನ ವಿಚಾರಣೆ ನಡೆಯುವಾಗ ಅವನ ಕೆಲಸಗಳಿಗಿಂತ ಮೊದಲು ಅವನ ಸ್ವಭಾವವೇ ಸಾಕ್ಷಿಕಟ್ಟೆ ಹತ್ತುತ್ತದೆ. ಹೈದರಾಲಿ ಲೆಕ್ಕಾಚಾರದ ಮನುಷ್ಯ, ಟಿಪ್ಪು ಹಟಮಾರಿ. ತಂದೆ ಗಳಿಸಿದ್ದನ್ನು ಮಗ ಕಳೆದ ಎಂಬ ಹೋಲಿಕೆ ಎರಡು ಶತಮಾನ ದಾಟಿಯೂ ಬಳಕೆಯಲ್ಲಿದೆ. ಈ ಹೋಲಿಕೆ ಎಲ್ಲಿಂದ ಬಂತು, ಕೊಪ್ಪ, ನಾರ್ವೆ, ನರಸಿಂಹರಾಜಪುರಗಳ ನೆರೆಯ ಶೃಂಗೇರಿಯಲ್ಲಿ ಉಳಿದ ಕನ್ನಡ ಪತ್ರಗಳ ಮುಂದೆ ಅದು ಎಷ್ಟು ನಿಲ್ಲುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

2. ಚಿತ್ರ ಬರೆದವರು

ಟಿಪ್ಪುವಿನ ಸ್ವಭಾವಚಿತ್ರಕ್ಕೆ ಗಟ್ಟಿ ಗೆರೆ ಎಳೆದವರು ಈಸ್ಟ್ ಇಂಡಿಯಾ ಕಂಪನಿಯ ಇಬ್ಬರು ಅಧಿಕಾರಿಗಳು. ಮೈಸೂರಿನಲ್ಲಿ ರೆಸಿಡೆಂಟ್ ಹೊಣೆ ಹೊತ್ತಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ದಕ್ಷಿಣ ಭಾರತದ ಚರಿತ್ರೆ ಪ್ರಕಟಿಸಿದ. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಪಾರಸಿ ಪತ್ರಗಳನ್ನು ಆಯ್ದು ಅನುವಾದಿಸಿದ. ಆಯ್ಕೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯ ಕಾಗದಗಳು ಗೆದ್ದವರ ಕೈಸೇರಿದ್ದವು. ಅವುಗಳಲ್ಲಿ ಯಾವುವು ಓದುಗರ ಮುಂದೆ ಬರಬೇಕೆಂದು ತೀರ್ಮಾನಿಸಿದವರೂ ಅವರೇ.

ತಂದೆ ಮಗನನ್ನು ಕುರಿತ ವಿಲ್ಕ್ಸನ ಹೋಲಿಕೆಯಲ್ಲಿ ಒಂದು ತೊಡಕಿದೆ. 1780ರಲ್ಲಿ ಕಂಪನಿಯ ವಿರುದ್ಧ ಹೈದರನ ಜತೆಗೆ ಮರಾಠರೂ ನಿಜಾಮನೂ ಇದ್ದರು. 1790ರಲ್ಲಿ ಟಿಪ್ಪುವಿಗೆ ಕಂಪನಿ, ಮರಾಠರು, ನಿಜಾಮ ಮೂವರೂ ಒಟ್ಟಾಗಿ ಎದುರಾದರು. ಮಿತ್ರರನ್ನು ಉಳಿಸಿಕೊಳ್ಳಲಾರದ ಗುಣವೇ ಇದಕ್ಕೆ ಕಾರಣ ಎನ್ನುವ ವಾದವನ್ನು ತಳ್ಳಿಹಾಕಲಾಗದು. ಆದರೆ ಮರಾಠರು ಸಾಲ್ಬಾಯಿಯಲ್ಲಿ ಕಂಪನಿಯೊಡನೆ ಸಂಧಿಗೆ ಒಪ್ಪಿದ್ದು 1782ರ ಮೇ ತಿಂಗಳಲ್ಲಿ. ಹೈದರ್ ಸತ್ತದ್ದು ಅದೇ ವರ್ಷದ ಡಿಸೆಂಬರ್ 7ರಂದು. ಕೂಟ ಸಡಿಲಗೊಂಡದ್ದು ತಂದೆಯ ಕಾಲದಲ್ಲೇ.

3. ಶೃಂಗೇರಿ, 1791

1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ವಶವಾಯಿತು. ಅದೇ ವರ್ಷ ಕಂಪನಿಯ ಪಕ್ಷದಲ್ಲಿದ್ದ ಮರಾಠಾ ಸರದಾರ ಪರಶುರಾಮ ಭಾವು ಪಟವರ್ಧನನ ದಂಡಿನೊಂದಿಗಿದ್ದ ಪಿಂಡಾರಿಗಳು ಶೃಂಗೇರಿ ಮಠವನ್ನು ಸೂರೆ ಮಾಡಿದರು. ಶಾರದೆಯ ವಿಗ್ರಹ ಸ್ಥಾನಪಲ್ಲಟವಾಯಿತು. ಮಠಾಧಿಪತಿ ಮೂರನೆಯ ಸಚ್ಚಿದಾನಂದ ಭಾರತಿ ಸ್ವಾಮಿಗಳು ಘಟ್ಟದ ಕೆಳಗೆ ಕಾರ್ಕಳದಲ್ಲಿ ನೆಲೆಸಬೇಕಾಯಿತು. ಸ್ವಾಮಿಗಳು ಬರೆದು ತಿಳಿಸಿದಾಗ ಟಿಪ್ಪು, ಇಂಥ ಕ್ಷೇತ್ರಕ್ಕೆ ಕೇಡು ಬಗೆದವರು ಬೇಗನೆ ಫಲ ಉಣ್ಣುತ್ತಾರೆಂದು ಉತ್ತರಿಸಿದ. ಪುನಃಪ್ರತಿಷ್ಠೆಗೆ 200 ರಾಹತಿ (ಆಗಿನ ನಾಣ್ಯ) ನಗದನ್ನೂ ಬೇಕಾದ ಸಾಮಗ್ರಿಯನ್ನೂ ಕೊಡುವಂತೆ ಬಿದನೂರಿನ ಅಸಫನಿಗೆ (ಪ್ರಾಂತಾಧಿಕಾರಿಗೆ) ಅಪ್ಪಣೆ ಕಳುಹಿಸಿದ. ಶತ್ರುನಾಶಕ್ಕಾಗಿ ಶತಚಂಡಿ, ಸಹಸ್ರಚಂಡಿ ಜಪ ನಡೆಸಲು ಕೋರಿದ. ಸುಮಾರು ಮೂವತ್ತರಷ್ಟಿರುವ ಈ ಪತ್ರಗಳು 1916ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರ ಮೂಲಕ ವಿದ್ವಾಂಸರಿಗೆ ತಿಳಿದವು.

ಸೂರೆಯ ಬಗ್ಗೆ ಬರೆದವರೆಲ್ಲ, ಸಂಬಳವಿಲ್ಲದೆ ಲೂಟಿಯಿಂದಲೇ ಬದುಕುವ ಪಿಂಡಾರಿಗಳು, ದಂಡಿನಲ್ಲಿ ಸಡಿಲಾಗಿದ್ದ ಶಿಸ್ತು ಎಂದು ಕಾರಣ ಕೊಡುತ್ತಾರೆ. ಆ ವಿವರಣೆ ಸರಿಯೂ ಹೌದು. ಪರಶುರಾಮ ಭಾವುವಿನ ಮನಸ್ಸನ್ನು ಯಾರೂ ಕೆದಕುವುದಿಲ್ಲ. ಅದೇ ಲೇಖನಿಗಳು ಟಿಪ್ಪುವಿನ ಕ್ರಮಗಳ ಬಳಿ ಬಂದ ಕೂಡಲೇ ಅವನ ಮನೋಧರ್ಮಕ್ಕೆ ಇಳಿಯುತ್ತವೆ. ಗೆದ್ದ ಪಕ್ಷದವರಿಗೆ ಸಂದರ್ಭ, ಸೋತವನಿಗೆ ಸ್ವಭಾವ: ಕೀರ್ತಿಯ ಹಂಚಿಕೆ ನಡೆದಿರುವುದು ಈ ಎರಡು ಅಳತೆಗಳಲ್ಲಿ.

4. ತಿರುಗಿಸಿದ ಅದೇ ವಾದ

ಹಾಗೆಂದು ಶೃಂಗೇರಿ ಪತ್ರಗಳಿಂದ ಸೌಮ್ಯ ಸ್ವಭಾವದ ಟಿಪ್ಪುವನ್ನು ಕಟ್ಟುವುದೂ ಅದೇ ತಪ್ಪಿನ ಮತ್ತೊಂದು ಮಗ್ಗುಲು. ಪ್ರಜೆಗಳ ನಿಷ್ಠೆ ಅರಸನಿಗೆ ತುಂಬ ಬೇಕಾಗಿದ್ದ ಕಾಲದ ಪತ್ರಗಳವು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ಕೊಡಗಿನ ಮೇಲೆ ನಡೆಸಿದ ದಂಡಯಾತ್ರೆಗಳು, ಈ ಪತ್ರಗಳಿಂದ ಅಳಿಸಿಹೋಗುವುದಿಲ್ಲ. ರಾಜ್ಯ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿ, 2019ರಲ್ಲಿ ಮುಂದಿನ ಸರ್ಕಾರವೊಂದು ಅದನ್ನು ಕೈಬಿಟ್ಟ ನಡುವಿನ ವಾಗ್ವಾದದಲ್ಲಿ ಒಂದು ಕಡೆಯವರು ಶೃಂಗೇರಿಯನ್ನೂ ಇನ್ನೊಂದು ಕಡೆಯವರು ಕೊಡಗನ್ನೂ ಹಿಡಿದರು. ಇಬ್ಬರೂ ಒಂದೊಂದು ಪ್ರದೇಶದ ದಾಖಲೆಯಿಂದ ಇಡೀ ಮನುಷ್ಯನ ಅಂತರಂಗವನ್ನು ಓದಹೊರಟರು.

5. ಉಳಿಯುವ ಗುಣ

ಸ್ವಭಾವವನ್ನು ಚರಿತ್ರೆಯಿಂದ ಹೊರಗಿಡಬೇಕೆಂದು ಇದರ ಅರ್ಥವಲ್ಲ. ಒಂದು ಗುಣವನ್ನು ನಾಯಕನದೆಂದು ಒಪ್ಪಲು ಅದು ಬೇರೆ ಬೇರೆ ಭಾಷೆಯ, ಬೇರೆ ಬೇರೆ ಉದ್ದೇಶದ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣಬೇಕು. ದಾಖಲೆ ಉಳಿಸಿದವರ ಪಕ್ಷ ಬದಲಾದರೂ ಬದಲಾಗಬಾರದು. ದಯೆ, ಕ್ರೌರ್ಯ ಎರಡೂ ಈ ಪರೀಕ್ಷೆಯಲ್ಲಿ ಸೋಲುತ್ತವೆ, ಎದುರಿಗಿರುವವರು ಯಾರೆಂಬುದರ ಮೇಲೆ ಅವು ಬದಲಾಗುತ್ತವೆ. ಗೆಲ್ಲುವುದು ಬೇರೊಂದು ಗುಣ: ಸಣ್ಣ ಪುಟ್ಟ ವಿವರವನ್ನೂ ತಾನೇ ನಿರ್ಧರಿಸುವ ಚಾಳಿ. ಕರ್ಕ್‌ಪ್ಯಾಟ್ರಿಕ್ ಆಯ್ದ ಪಾರಸಿ ಪತ್ರಗಳಲ್ಲಿ ರೇಷ್ಮೆ ಹುಳುವಿನ ಸಾಕಣೆಯಿಂದ ಅಧಿಕಾರಿಗಳ ತಪ್ಪಿನ ದಂಡನೆಯವರೆಗೆ ಸುಲ್ತಾನನದೇ ನಿರ್ದೇಶನ. ಶೃಂಗೇರಿಯ ಕನ್ನಡ ಪತ್ರಗಳಲ್ಲೂ ಎಷ್ಟು ಹಣ, ಯಾರ ಕೈಯಿಂದ, ಯಾವ ಜಪಕ್ಕೆ ಎಂಬ ಅದೇ ಗಮನ. ಕಂಪನಿ ಉಳಿಸಿದ ಕಡತವೂ ಮಠ ಉಳಿಸಿದ ಕಡತವೂ ಈ ಒಂದು ಮಾತಿನಲ್ಲಿ ಒಮ್ಮತ ಹೊಂದಿವೆ.

6. ಸಮಾರೋಪ

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ಆಡಳಿತದ ಕಾಗದಗಳು ಉತ್ತರ ಹೇಳಲಾರವು. ಎಲ್ಲ ಆಜ್ಞೆಯೂ ಒಬ್ಬನಿಂದಲೇ ಹೊರಡುವ ರಾಜ್ಯ 1792ರಲ್ಲಿ ಯುದ್ಧ ಸೋತು ಅರ್ಧ ನೆಲವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿಗಳ ದಂಡಕ್ಕೆ ಒಪ್ಪಿದ ಮೇಲೆ ಹೇಗೆ ಏಳು ವರ್ಷ ನಡೆಯಿತು ಎಂಬುದಕ್ಕೆ ಅವು ಉತ್ತರಿಸಬಲ್ಲವು. ಮಲೆನಾಡಿನ ಮಠಗಳ, ಮನೆತನಗಳ ಕಡತಗಳನ್ನು ಈ ಪ್ರಶ್ನೆಯೊಂದಿಗೆ ಓದುವ ಕೆಲಸ ಮುಂದಿನ ಸಂಶೋಧಕರದು.