ಕಾಲಾವಧಿ (ಕನ್ನಡ ವ್ಯಾಕರಣ)

ಒಂದು ಕ್ರಿಯೆ ಎಂದಿನಿಂದ ಎಂದಿನವರೆಗೆ ನಡೆಯಿತು, ಎಷ್ಟು ಕಾಲ ಹಿಡಿಯಿತು ಎಂಬುದನ್ನು ತಿಳಿಸುವ ಪದಗಳಿಗೂ ರಚನೆಗಳಿಗೂ ಕಾಲಾವಧಿಸೂಚಕಗಳೆಂದು ಹೆಸರು. ಕನ್ನಡದಲ್ಲಿ ಈ ಕೆಲಸ ಬಹುಮಟ್ಟಿಗೆ ವಿಭಕ್ತಿ ಪ್ರತ್ಯಯಗಳ ಪಾಲಿಗೆ ಬಂದಿದ್ದು, ಪ್ರತ್ಯಯ ಬದಲಾದೊಡನೆ ಅದೇ ಅವಧಿಯ ಅರ್ಥವೂ ಬದಲಾಗುತ್ತದೆ.

ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಉಂಡೆಕೊಬ್ಬರಿಯಾಗುವವರೆಗೆ ಹತ್ತು ಹನ್ನೆರಡು ತಿಂಗಳು ಕಾಯುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬದುಕಿನಿಂದಲೇ ಇದಕ್ಕೆ ನಿದರ್ಶನ ಕೊಡಬಹುದು. ‘ಕಾಯಿ ಹತ್ತು ತಿಂಗಳು ಅಟ್ಟದಲ್ಲಿತ್ತು’ ಎಂದು ಪ್ರತ್ಯಯವಿಲ್ಲದೆ ಹೇಳಿದರೆ ಅವಧಿ ಮುಗಿದಿದೆ. ‘ಹತ್ತು ತಿಂಗಳಿಂದ ಅಟ್ಟದಲ್ಲಿದೆ’ ಎಂದರೆ ಅದು ಇನ್ನೂ ಸಾಗಿದೆ. ‘ಹತ್ತು ತಿಂಗಳಲ್ಲಿ ಕೊಬ್ಬರಿಯಾಯಿತು’ ಎಂಬಲ್ಲಿ ಕ್ರಿಯೆ ಪೂರ್ಣಗೊಳ್ಳಲು ಹಿಡಿದ ಕಾಲ ಮುಖ್ಯವಾದರೆ, ‘ಹತ್ತು ತಿಂಗಳಿಗೆ ಕೊಬ್ಬರಿಯಾಯಿತು’ ಎಂಬಲ್ಲಿ ಆ ಕಾಲ ತುಂಬಿದ ಘಳಿಗೆ ಮುಖ್ಯವಾಗುತ್ತದೆ. ‘ಕಾಯಿ ಅಟ್ಟಕ್ಕೇರಿಸಿ ಹತ್ತು ತಿಂಗಳಾಯಿತು’ ಎಂಬ ರಚನೆ ಇವೆಲ್ಲಕ್ಕಿಂತ ಸೊಗಸಾದುದು: ಇಲ್ಲಿ ಏರಿಸಿದವನು ಹಿಂದೆ ಸರಿದು, ಕಳೆದ ಕಾಲವೇ ಪೂರ್ಣಕ್ರಿಯಾಪದದ ಕರ್ತೃವಾಗುತ್ತದೆ. ಶಾಲೆಯ ಪಾಠದಲ್ಲಿ ‘ಇಂದ’ ಪ್ರತ್ಯಯ ಮೊದಲು ಪರಿಚಯವಾಗುವುದು ಕರಣಾರ್ಥದಲ್ಲಿ. ದಿನಬಳಕೆಯಲ್ಲಿ ಅದರ ಕಾಲಾರ್ಥಕ್ಕೂ ಅಷ್ಟೇ ತೂಕವಿದೆ.

ಅವಧಿಯ ಕೊನೆಯನ್ನು ‘ವರೆಗೆ’, ‘ತನಕ’ ಎಂಬ ಅವ್ಯಯಗಳು ಸೂಚಿಸುತ್ತವೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಮಾತಿನಲ್ಲಿ ‘ಸಂಜೆಗಂಟ’ ಎಂಬಂತೆ ‘ಗಂಟ’ ಬರುತ್ತದೆ. ಇವು ಕ್ರಿಯಾಪದದೊಡನೆ ಸೇರಿದಾಗ ಅರ್ಥ ಆ ಕ್ರಿಯೆಯ ಸ್ವಭಾವವನ್ನು ಅವಲಂಬಿಸುತ್ತದೆ: ‘ಮಳೆ ಬರುವ ತನಕ’ ಎಂಬುದು ಮಳೆ ಬಂದೊಡನೆ ಮುಗಿಯುವ ಅವಧಿ, ‘ಮಳೆ ಇರುವ ತನಕ’ ಎಂಬುದು ಮಳೆಯ ಉದ್ದಕ್ಕೂ ಹಬ್ಬಿದ ಅವಧಿ. ‘ಹತ್ತು ಹನ್ನೆರಡು’ ಎಂದು ಸಂಖ್ಯೆಗಳನ್ನು ಒತ್ತೊತ್ತಾಗಿ ಇಟ್ಟರೆ ಸಾಕು, ಅಂದಾಜಿನ ವ್ಯಾಪ್ತಿ ತಾನಾಗಿಯೇ ತಿಳಿಯುತ್ತದೆ.

ನಡೆಯುತ್ತಿರುವ ಅವಧಿಗೆ ವರ್ತಮಾನಕಾಲವನ್ನೇ ಬಳಸುವುದರಲ್ಲಿ ಡಚ್ ಭಾಷೆ ಕನ್ನಡಕ್ಕೆ ಹತ್ತಿರವಾಗಿದೆ. ಆದರೆ ಕೊನೆಯ ದಿನವೂ ಲೆಕ್ಕಕ್ಕೆ ಸೇರಿದೆಯೆಂದು ಖಚಿತಪಡಿಸಲು ಡಚ್ಚರಲ್ಲಿ ‘ತೊತ್ ಎನ್ ಮೆತ್’ ಎಂಬ ರೂಢಿಯ ನುಡಿಯಿದ್ದರೆ, ಕನ್ನಡದ ‘ಶನಿವಾರದವರೆಗೆ’ ಎಂಬುದು ಶನಿವಾರವನ್ನು ಒಳಗೊಳ್ಳುತ್ತದೆಯೋ ಇಲ್ಲವೋ ಎಂಬುದನ್ನು ಸಂದರ್ಭಕ್ಕೆ ಬಿಡುತ್ತದೆ. ಆದ್ದರಿಂದ ಕರಾರುಪತ್ರಗಳಲ್ಲಿ ‘ಶನಿವಾರವೂ ಸೇರಿದಂತೆ’ ಎಂದು ಬಿಡಿಸಿ ಬರೆಯುವುದೇ ಲೇಸು. ಎರಡು ತುದಿಗಳನ್ನೂ ಸೇರಿಸಿ ಎಣಿಸುವ ವಾಡಿಕೆ ಆಡುಮಾತಿನಲ್ಲಿ ಉಳಿದಿದ್ದು, ಒಂದು ವಾರಕ್ಕೆ ‘ಎಂಟು ದಿನ’ ಎನ್ನುವುದು ಅದರಿಂದಲೇ.