ಕವಚವಿಲ್ಲದೆ ಹಿಡಿದ ಕಠಾರಿ

ಹಿಡಿದವನ ಪ್ರಾಣವನ್ನೇ ಹೀರುವ ಕಠಾರಿಯೊಂದಿತ್ತು. ಅದನ್ನು ಮುಟ್ಟಬೇಕಾದವನು ಮೊದಲು ಕೈಗೆ ವಿಶೇಷ ಕವಚ ತೊಡಬೇಕಿತ್ತು. ಸುಮಾರು ಇನ್ನೂರು ವರ್ಷಗಳ ನಂತರ ಅದೇ ಕಠಾರಿಯನ್ನು ಒಬ್ಬಾತ ಬರಿಗೈಯಲ್ಲಿ ಎತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಅವನ ಪ್ರಾಣ ಹೋಗಲಿಲ್ಲ. ಏಕೆ?

ಇದು ನಮ್ಮ ಪುರಾಣದ ಪ್ರಶ್ನೆಯಲ್ಲ. ಅಮೆರಿಕದ ಬೆಥೆಸ್ಡಾ ಸಂಸ್ಥೆ 1994ರಲ್ಲಿ ಆರಂಭಿಸಿದ 'ದಿ ಎಲ್ಡರ್ ಸ್ಕ್ರೋಲ್ಸ್' ಎಂಬ ವಿಡಿಯೊ ಗೇಮ್ ಮಾಲೆಯದು. ಟ್ಯಾಮ್ರಿಯಲ್ ಎಂಬ ಕಲ್ಪಿತ ಖಂಡ ಇದರ ರಂಗಸ್ಥಳ. ಅಲ್ಲಿನ ದೇವರು, ರಾಜವಂಶ, ಯುದ್ಧಗಳ ಕುರಿತು ಆಟದೊಳಗೇ ನೂರಾರು ಪುಸ್ತಕಗಳಿವೆ. ಅವುಗಳನ್ನು ಓದಿದವರು ವರ್ಷಗಟ್ಟಲೆ ವಾದ ಮಾಡುತ್ತಲೇ ಬಂದಿದ್ದಾರೆ.

ಕಠಾರಿಯ ಹೆಸರು ಕೀನಿಂಗ್. 2002ರಲ್ಲಿ ಬಂದ 'ಮಾರೋವಿಂಡ್' ಆಟದ ಪ್ರಕಾರ, ಲೋರ್ಖಾನ್ ಎಂಬ ದೇವರ ಕಿತ್ತ ಹೃದಯ ಕೆಂಪು ಪರ್ವತದ ಅಡಿಯಲ್ಲಿತ್ತು. ಕಗ್ರೆನಾಕ್ ಎಂಬ ಕುಶಲಕರ್ಮಿ ಅದರ ಶಕ್ತಿಯನ್ನು ಪಡೆಯಲು ಮೂರು ಸಾಧನಗಳನ್ನು ಮಾಡಿದ. ಹೃದಯಕ್ಕೆ ಬಡಿಯಲು ಸಂಡರ್ ಎಂಬ ಸುತ್ತಿಗೆ, ಹೊಮ್ಮಿದ ಶಕ್ತಿಯನ್ನು ಕೇಂದ್ರೀಕರಿಸಲು ಕೀನಿಂಗ್, ಹಿಡಿದವನನ್ನು ಕಾಯಲು ರೈತ್‌ಗಾರ್ಡ್ ಎಂಬ ಕೈಕವಚ. ಕವಚವಿಲ್ಲದೆ ಉಳಿದೆರಡನ್ನು ಹಿಡಿದ ಆಟಗಾರನ ಪ್ರಾಣಕ್ಕೇ ಕುತ್ತು. ಆದರೆ 2011ರ 'ಸ್ಕೈರಿಮ್'ನಲ್ಲಿ ಅದೇ ಕೀನಿಂಗ್ ಸಾಮಾನ್ಯ ಆಯುಧದಂತೆ ಕೈಗೆ ಬರುತ್ತದೆ.

ಇಲ್ಲಿ ಎರಡು ಪಕ್ಷ. ಮಾರೋವಿಂಡ್ ಆಟದ ಕೊನೆಯಲ್ಲಿ ದೇವರ ಹೃದಯವೇ ಮಾಯವಾಗುತ್ತದೆ; ಮೂಲವೇ ಹೋದ ಮೇಲೆ ಕಠಾರಿಯ ಶಕ್ತಿಯೂ ಕುಂದಿರಬೇಕು ಎಂಬುದು ಒಂದು ಪಕ್ಷ. ಇದೆಲ್ಲ ನಾವು ಕಟ್ಟಿಕೊಟ್ಟ ಸಮರ್ಥನೆ, ನಿಜವಾಗಿ ಆಟ ಮಾಡಿದವರು ಹಳೆಯ ನಿಯಮವನ್ನು ಕೈಬಿಟ್ಟರು, ಅಷ್ಟೇ ಎಂಬುದು ಇನ್ನೊಂದು.

ಆಟದ ಮಾತಿಗೆ ಇಷ್ಟೊಂದು ತಲೆಬಿಸಿ ಬೇಕೆ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ 1996ರ 'ಡ್ಯಾಗರ್‌ಫಾಲ್' ಆಟದಲ್ಲಿದೆ. ಅದರಲ್ಲಿ ನ್ಯುಮಿಡಿಯಮ್ ಎಂಬ ದೈತ್ಯಯಂತ್ರವನ್ನು ಆಳುವ ಟೋಟೆಮ್ ಆಟಗಾರನ ಕೈಸೇರುತ್ತದೆ. ಚಕ್ರವರ್ತಿ, ಸುತ್ತಣ ಅರಸರು, ಓರ್ಕ್‌ಗಳ ಒಡೆಯ, ಸತ್ತವರನ್ನು ಎಬ್ಬಿಸುವ ಮಾಂತ್ರಿಕ ಹೀಗೆ ಹಲವರು ಅದಕ್ಕೆ ಕೈಚಾಚಿ ನಿಂತಿರುತ್ತಾರೆ. ಯಾರಿಗೆ ಕೊಡಬೇಕೆಂಬುದು ಆಟಗಾರನ ಇಷ್ಟ. ಅದರಂತೆ ಮುಕ್ತಾಯವೂ ಬೇರೆ ಬೇರೆ. ಮುಂದಿನ ಆಟ ಇವುಗಳಲ್ಲಿ ಒಂದನ್ನೇ ಇತಿಹಾಸವೆಂದು ಒಪ್ಪಿದ್ದರೆ, ಮಿಕ್ಕವರು ತಿಂಗಳುಗಟ್ಟಲೆ ಆಡಿ ಪಡೆದ ಅಂತ್ಯವೆಲ್ಲ ಸುಳ್ಳಾಗುತ್ತಿತ್ತು.

ಮುಂದಿನ ಆಟಗಳು ವಿಚಿತ್ರವಾದ ದಾರಿ ಹಿಡಿದವು. ಆ ದಿನಗಳಲ್ಲಿ ಕಾಲವೇ ಮುರಿದುಬಿತ್ತು, ಒಂದಕ್ಕೊಂದು ಹೊಂದದ ಮುಕ್ತಾಯಗಳೆಲ್ಲ ಒಟ್ಟಿಗೇ ನಡೆದವು ಎಂದವು. ಅಲ್ಲಿ ಕಾಲದ ದೇವರು ಡ್ರ್ಯಾಗನ್ ರೂಪದವನಾದ್ದರಿಂದ ಇದಕ್ಕೆ 'ಡ್ರ್ಯಾಗನ್ ಬ್ರೇಕ್' ಎಂದು ಹೆಸರು. ಯಾರ ಆಟವೂ ಸುಳ್ಳಾಗಲಿಲ್ಲ. ಆದರೆ ಅಂದಿನಿಂದ ಯಾವ ತಪ್ಪು ಕಂಡರೂ 'ಕಾಲ ಮುರಿದಿತ್ತು' ಎಂದು ಕೈತೊಳೆದುಕೊಳ್ಳುವ ಅಭ್ಯಾಸವೂ ಕೆಲವರಿಗೆ ಬಂದಿತು.

ಎಲ್ಲ ವಿರೋಧವೂ ತಪ್ಪಲ್ಲ ಎಂಬುದಕ್ಕೆ ಮಾರೋವಿಂಡ್ ಆಟವೇ ಸಾಕ್ಷಿ. ಕೆಂಪು ಪರ್ವತದ ಯುದ್ಧದ ಬಳಿಕ ನೆರೆವಾರ್ ಎಂಬ ನಾಯಕ ಸತ್ತದ್ದು ಹೇಗೆ? ಅವನ ಜೊತೆಗಾರರೇ ಕಗ್ರೆನಾಕನ ಸಾಧನಗಳ ಆಸೆಗೆ ಅವನನ್ನು ಕೊಂದು ದೇವರಾದರು ಎನ್ನುತ್ತದೆ ಅಲೆಮಾರಿ ಬುಡಕಟ್ಟಿನ ಕಥೆ. ಆ ಜೊತೆಗಾರರನ್ನೇ ಪೂಜಿಸುವ ದೇವಾಲಯ ಈ ಕಥೆಯನ್ನು ಒಪ್ಪುವುದಿಲ್ಲ. ಅದನ್ನು ಹೇಳುವ ಅರ್ಚಕರನ್ನು ಬೇಟೆಯಾಡುತ್ತದೆ. ದೇವರಾದವರಲ್ಲಿ ಒಬ್ಬನಾದ ವಿವೆಕ್ ತನ್ನದೇ ಬೇರೆ ಕಥೆ ಹೇಳುತ್ತಾನೆ. ಯಾವುದು ನಿಜವೆಂದು ಆಟ ತೀರ್ಪು ಕೊಡುವುದಿಲ್ಲ.

ಇದೇ ನಮಗೆ ಒಂದು ಅಳತೆಗೋಲನ್ನು ಕೊಡುತ್ತದೆ. ನೆರೆವಾರನ ಕಥೆಯಲ್ಲಿ ಪ್ರತಿ ಪಾಠಕ್ಕೂ ಹೇಳುವವನೊಬ್ಬನಿದ್ದಾನೆ. ಹಾಗೆ ಹೇಳಲು ಅವನಿಗೊಂದು ಕಾರಣವೂ ಇದೆ. ಅಲ್ಲಿ ವಿರೋಧವೇ ಕಥೆ. ಕಠಾರಿಯ ಸಂಗತಿ ಬೇರೆ. 2002ರಲ್ಲೂ 2011ರಲ್ಲೂ ಯಾರೋ ಹೇಳಿದ ಮಾತನ್ನು ನಾವು ಕೇಳಿದ್ದಲ್ಲ; ಆಟಗಾರ ತಾನೇ ಹಿಡಿದು ನೋಡಿದ್ದು. ಇಲ್ಲಿ ಸಾಕ್ಷಿ ಸುಳ್ಳು ಹೇಳಿದ ಎನ್ನುವಂತಿಲ್ಲ. ಒಂದೋ ಕಠಾರಿ ಬದಲಾಗಿರಬೇಕು, ಇಲ್ಲವೇ ಮಾಡಿದವರ ನಿಯಮ ಬದಲಾಗಿರಬೇಕು.

ಪಾಠಾಂತರಗಳ ನಡುವೆಯೇ ಕಥೆ ಕೇಳಿ ಬೆಳೆದ ನಮಗೆ ಈ ಜಗಳ ಹೊಸದೇನಲ್ಲ. ಎರಡು ಕಥೆ ಹೊಂದದಿದ್ದಾಗ ಯಾವುದು ಸರಿ ಎಂದು ಕೇಳುವ ಮೊದಲು, ಯಾರು ಹೇಳಿದರು, ಏಕೆ ಹೇಳಿದರು ಎಂದು ಕೇಳಬೇಕು. ಆಟದ ಹುಡುಗರು ತಮಗರಿವಿಲ್ಲದೆಯೇ ಕಲಿತದ್ದು ಇತಿಹಾಸಕಾರನ ಈ ಮೊದಲ ಪಾಠವನ್ನು.